ಸೋನಾವತಿ ಆಟದ ಕೊನೆಯ ಪದ

ನಮ್ಮ ಮನೆಯಲ್ಲಿ ಕಡಲೆಹಿಟ್ಟಿನ ಒಂದೇ ಪಲ್ಯಕ್ಕೆ ಎರಡು ಹೆಸರಿದ್ದವು. ಆಯಿ ಮಾಡಿದರೆ ಅದು ಪಿಠಲಾ, ಅವ್ವ ಮಾಡಿದರೆ ಜುಣಕ. ಆಯಿ ಎಂದರೆ ಅಪ್ಪನ ತಾಯಿ, ನಿಪ್ಪಾಣಿಯ ಆಚೆಗಿನ ಮರಾಠಿ ಊರಿನಿಂದ ಕಬ್ಬೂರಿಗೆ ಸೊಸೆಯಾಗಿ ಬಂದವಳು. ಬಂದು ನಲವತ್ತು ವರ್ಷವಾಗಿದ್ದರೂ ಸಿಟ್ಟು ಬಂದಾಗ ಮತ್ತು ದೇವರಿಗೆ ಕೈಮುಗಿಯುವಾಗ ಅವಳ ಬಾಯಿಂದ ಮರಾಠಿಯೇ ಹೊರಡುತ್ತಿತ್ತು. ಅವ್ವ ಅಥಣಿ ಕಡೆಯವಳು, ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ಬೆಳೆದವಳು, ಅಚ್ಚ ಕನ್ನಡದವಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ತಿಳಿಯುತ್ತಿತ್ತು. ತಿಳಿಯದವರ ಹಾಗೆ ಇರುವುದು ಇಬ್ಬರಿಗೂ ಅನುಕೂಲವಾಗಿತ್ತು, ಅಷ್ಟೇ. ನಡುವೆ ಹತ್ತು ವರ್ಷದ ನಾನಿದ್ದೆ.

"ಅಕ್ಕಾತಾಯಿ, ನಿಮ್ಮ ಅವ್ವಗ ಹೇಳ, ಪಿಠಲಾದಾಗ ಇಷ್ಟು ಖಾರ ಹಾಕ್ತಾರಾ ಅಂತ."

"ಅಕ್ಕಾತಾಯಿ, ನಿಮ್ಮ ಆಯಿಗೆ ಹೇಳ, ಇದು ಪಿಠಲಾ ಅಲ್ಲ, ಜುಣಕ ಅಂತ."

ಇಬ್ಬರೂ ಒಂದೇ ಒಲೆಯ ಮುಂದೆ ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದರು. ನಾನು ಅತ್ತಿಂದಿತ್ತ ಹೇಳುತ್ತಿದ್ದೆ. ಹೇಳುವಾಗ ಮಾತಿನ ಖಾರ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೆ. ಮುಂದೆ ಚಿಕ್ಕೋಡಿಯ ಕೋರ್ಟಿನಲ್ಲಿ ಮರಾಠಿ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವ, ಸಾಕ್ಷಿಗಳ ಮಾತನ್ನು ಸಾಹೇಬರಿಗೆ ತಿಳಿಸಿಕೊಡುವ ಕೆಲಸ ಹಿಡಿದು ಅದರಲ್ಲೇ ನಿವೃತ್ತಳಾದೆ. ಅಲ್ಲಿ ಮಾತ್ರ ಯಾರ ಖಾರವನ್ನೂ ಕಡಿಮೆ ಮಾಡಲಿಲ್ಲ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಹೊಸ ವಕೀಲರು ಕೇಳುತ್ತಿದ್ದರು. ನಮ್ಮ ಮನೆಯ ಒಲೆಯ ಮುಂದೆ ಎಂದರೆ ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ವಿನಯ ನನ್ನ ಸ್ವಭಾವವಲ್ಲ. ನಿಜವಾಗಿ ಕಲಿತದ್ದು ಒಲೆಯ ಮುಂದೆ ಅರ್ಧ, ಉಳಿದರ್ಧ ಒಂದು ಕ್ಯಾಸೆಟ್ಟಿನಿಂದ. ಆ ಕ್ಯಾಸೆಟ್ಟಿನ ಕಥೆಯೇ ಇದು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎಮ್ಮೆಗಳು, ಆಮೇಲೆ ಮನುಷ್ಯರು. ತಗ್ಗಿನಲ್ಲಿ ನಾಲ್ಕು ಎಮ್ಮೆಗಳೂ ಅವುಗಳ ಮೇವಿನ ಗ್ವಾದಲಿಯೂ ಇದ್ದವು. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಆಚೆ ಅಡಿಗೆಮನೆ, ಬದಿಗೆ ಜೋಳದ ಚೀಲಗಳನ್ನು ಒಟ್ಟಿದ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಅವ್ವ ತವರಿನಿಂದ ತಂದ ಹಸಿರು ಟ್ರಂಕು. ಪಡಸಾಲೆಯ ಗೋಡೆಯಲ್ಲಿ ದೀಪ ಇಡುವ ಮಾಡದ ಪಕ್ಕ ಇನ್ನೊಂದು ದೊಡ್ಡ ಮಾಡ, ಅದರೊಳಗೆ ಅಪ್ಪನ ಟೂ-ಇನ್-ವನ್, ಅಂದರೆ ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಕೂಡಿದ ಪೆಟ್ಟಿಗೆ. ಅಪ್ಪ ಅದನ್ನು ಕುಡಚಿ ಸ್ಟೇಶನ್ ಹತ್ತಿರದ ಅಂಗಡಿಯಿಂದ ತಂದಿದ್ದ, ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಕೇಳಲಿಕ್ಕೆ ಎಂದು ಹೇಳಿ. ಕರೆಂಟು ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಾಗಾಗಿ ಅದು ಓಡುತ್ತಿದ್ದದ್ದು ಶೆಲ್ಲಿನ, ಅಂದರೆ ಬ್ಯಾಟರಿಯ ಮೇಲೆ. ಶೆಲ್ಲು ಸುಸ್ತಾದರೆ ತೆಗೆದು ಮಾಳಿಗೆಯ ಮೇಲೆ ಹಪ್ಪಳದ ಜೊತೆ ಬಿಸಿಲಿಗಿಡುವುದು ನನ್ನ ಕೆಲಸ. ಬಿಸಿಲು ಕುಡಿದ ಶೆಲ್ಲು ಇನ್ನೊಂದು ತಾಸು ಹಾಡುತ್ತಿತ್ತು.

ಹಾಡುತ್ತಿದ್ದದ್ದು ಮನೆಯಲ್ಲಿ ಆ ಪೆಟ್ಟಿಗೆಯೊಂದೇ. ಅವ್ವ ಹಾಡುತ್ತಿರಲಿಲ್ಲ. ಇದು ವಿಚಿತ್ರ, ಏಕೆಂದರೆ ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಅವರ ಊರಿನ ಪೇಟಿ ಮಾಸ್ತರ. ಪೇಟಿ ಎಂದರೆ ಹಾರ್ಮೋನಿಯಂ. ಹೊಲ ಮನೆ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಆಟದ ಮಂದಿಗೆ ಪದ ಕಲಿಸುತ್ತಿದ್ದ. ಅಂಥವನ ಮಗಳು ಮದುವೆಗಳಲ್ಲಿ ಹೆಂಗಸರೆಲ್ಲ ಸೋಬಾನ ಹೇಳುವಾಗಲೂ ತುಟಿ ಬಿಚ್ಚುತ್ತಿರಲಿಲ್ಲ. ಕಾರಣವನ್ನು ಆಯಿಯೇ ನನಗೆ ಹೆಮ್ಮೆಯಿಂದ ಹೇಳಿದ್ದಳು. ಅವ್ವ ಮನೆಗೆ ಬಂದ ಹೊಸತರಲ್ಲಿ ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದಳಂತೆ. ಆಯಿ ಒಲೆಯ ಆಚೆಯಿಂದ ಒಂದೇ ಮಾತು ಹೇಳಿದ್ದಳಂತೆ.

"ಹಾಡೂದು ಆಟದವರ ಕೆಲಸ. ಮನೀ ಸೊಸಿ ಹಾಡೂದಿಲ್ಲ, ಸೂನಬಾಯಿ."

ಎರಡನೆಯ ಸಲ ಹೇಳಬೇಕಾಗಲಿಲ್ಲ ಎನ್ನುವುದು ಆಯಿಯ ಹೆಮ್ಮೆ.

ಅಜ್ಜ ಕಲಿಸುತ್ತಿದ್ದದ್ದು ಸಣ್ಣಾಟ. ನಮ್ಮ ಕಡೆಯ ಈ ಆಟದಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಜಗಳವಾಡುವುದೂ ಹಾಡಿನಲ್ಲೇ, ನೀರು ಕೇಳುವುದೂ ಹಾಡಿನಲ್ಲೇ. ಕೃಷ್ಣನ ಆಟಗಳು ಎಲ್ಲರಿಗೂ ಗೊತ್ತು, ಎಲ್ಲ ಊರಲ್ಲೂ ಆಡುತ್ತಾರೆ. ಅಜ್ಜನಿಗೆ ಅವುಗಳ ಮೇಲೆ ಅಷ್ಟು ಮೋಹವಿರಲಿಲ್ಲ. ಅವನ ಜೀವವೆಲ್ಲ 'ಸೋನಾವತಿ' ಎಂಬ ಆಟದಲ್ಲಿತ್ತು. ಅದನ್ನು ಹೊಳೆಸಾಲಿನ ಎರಡೋ ಮೂರೋ ಹಳ್ಳಿಯವರು ಬಿಟ್ಟರೆ ಯಾರೂ ಆಡುತ್ತಿರಲಿಲ್ಲ, ಪುಸ್ತಕವಂತೂ ಇರಲೇ ಇಲ್ಲ. ಕಥೆ ಸರಳ. ಚಾಡಿ ಮಾತು ಕೇಳಿದ ರಾಜ ಬಸುರಿ ರಾಣಿ ಸೋನಾವತಿಯನ್ನು ಕಾಡಿಗೆ ಅಟ್ಟುತ್ತಾನೆ. ಜೊತೆಗೆ ದಾಸಿ ಗಂಗೂ ಹೋಗುತ್ತಾಳೆ. ಕಾಡಿನಲ್ಲಿ ಹೆತ್ತು, ಕೂಸಿನ ತೋಳಿನ ಮಚ್ಚೆಯನ್ನಷ್ಟೇ ಕಂಡು ಎಚ್ಚರತಪ್ಪಿ ಬಿದ್ದ ರಾಣಿಯ ಆ ಕೂಸನ್ನು ಕುರುಬರು ಎತ್ತಿಕೊಂಡು ಹೋಗಿ ಸಾಕುತ್ತಾರೆ. ವರ್ಷಗಳು ಕಳೆದು ರಾಣಿ ದಾರಿಬದಿಯ ಬಾವಿಯಲ್ಲಿ ಹೋಗಿಬರುವವರಿಗೆ ನೀರು ಸೇದಿ ಹಾಕುತ್ತಿರುವಾಗ ಬಾಯಾರಿದ ಹುಡುಗನೊಬ್ಬ ಬಂದು ಬೊಗಸೆ ಒಡ್ಡುತ್ತಾನೆ. ಗಡಿಯ ಆಟವಾದ್ದರಿಂದ ರಾಣಿಯ ಪದಗಳೆಲ್ಲ ಕನ್ನಡ, ದಾಸಿ ಗಂಗೂಳದು ಮರಾಠಿ. ರಾಣಿ ತನ್ನ ಕಷ್ಟ ಹೇಳಿಕೊಳ್ಳುತ್ತ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಗಂಗೂ ನಡುವೆ ಬಾಯಿ ಹಾಕುತ್ತಾಳೆ: "ಬಾಈಸಾಹೇಬ, ಮಗ?" ಮರಾಠಿಯ 'ಮಗ' ಎಂದರೆ 'ಆಮೇಲೆ'. ಅಮ್ಮಾವರೇ, ಆಮೇಲೆ? ಇಡೀ ಆಟ ಈ 'ಮಗ'ದ ಮೇಲೆ ನಡೆಯುತ್ತದೆ ಎಂದರೂ ತಪ್ಪಿಲ್ಲ.

ಆ ವರ್ಷ ಪಂಚಮಿಗೆ ಅವ್ವ ತವರಿಗೆ ಹೋಗುವಾಗ ಅಪ್ಪ ತಾನಾಗಿಯೇ ಟೂ-ಇನ್-ವನ್ ಕಟ್ಟಿಕೊಟ್ಟ, ಒಂದು ಖಾಲಿ ಕ್ಯಾಸೆಟ್ಟನ್ನೂ. ಮಾವನಿಗೆ ವಯಸ್ಸಾಯಿತು, ಅವರ ಸೋನಾವತಿಯನ್ನು ತುಂಬಿಕೊಂಡು ಬಾ ಎಂದ. ಶಾಲೆ ತಪ್ಪಬಾರದೆಂದು ನನ್ನನ್ನು ಕಳಿಸಲಿಲ್ಲ. ಅಜ್ಜ ತನ್ನ ಮನೆಯ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಎದುರಿಗೆ ಒಬ್ಬನೇ ಒಬ್ಬ ತಬಲಾದವನನ್ನು ಕೂರಿಸಿಕೊಂಡು ತಾಲೀಮಿನ ರೀತಿಯಲ್ಲಿ ಎಲ್ಲ ಪಾತ್ರಗಳ ಪದಗಳನ್ನೂ ತಾನೊಬ್ಬನೇ ಹಾಡಿದನಂತೆ. ಕ್ಯಾಸೆಟ್ ತಂದ ಅವ್ವ ಅದನ್ನು ಯಾರಿಗೂ ಕೇಳಿಸದೆ ಟ್ರಂಕಿನಲ್ಲಿಟ್ಟಳು. ದೀಪಾವಳಿ ಇನ್ನೂ ಬಂದಿರಲಿಲ್ಲ, ಅಜ್ಜ ತೀರಿಕೊಂಡ. ದಿನಕರ್ಮಗಳನ್ನೆಲ್ಲ ಮುಗಿಸಿ ಅವ್ವ ಹಿಂದಿರುಗಿದ ಮೇಲಿನ ಮೊದಲ ಭಾನುವಾರ ಊಟವಾದ ನಂತರ ಅಪ್ಪ ಹೇಳಿದ.

"ಆ ಕ್ಯಾಸೆಟ್ ತಗೀ. ಮಾವನ ದನಿ ಅದರಾಗರ ಉಳದೈತೆಲ್ಲ."

ಅಂದಿನಿಂದ ಭಾನುವಾರದ ಮಧ್ಯಾಹ್ನಕ್ಕೆ ನಮ್ಮ ಮನೆಯಲ್ಲಿ ಒಂದು ನೇಮ ಶುರುವಾಯಿತು. ಊಟದ ತಾಟು ಬೆಳಗಿಟ್ಟು, ಎಮ್ಮೆಗಳಿಗೆ ನೀರು ತೋರಿಸಿ, ಎಲ್ಲರೂ ಪಡಸಾಲೆಯಲ್ಲಿ ಕೂಡುವುದು. ಅಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದ. ಕೇಳುತ್ತಿದ್ದನೋ ನಿದ್ದೆ ಮಾಡುತ್ತಿದ್ದನೋ ದೇವರಿಗೇ ಗೊತ್ತು. ಆಯಿ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುತ್ತ, "ಆಟದವರ ಹಾಡ ನನಗೇನ ಬೇಕಾಗಿಲ್ಲ" ಎನ್ನುತ್ತಲೇ ಎಲ್ಲರಿಗಿಂತ ಮುಂದೆ ಬಂದು ಕೂರುತ್ತಿದ್ದಳು. ಅವ್ವ ಬಾಗಿಲ ಸಂದಿಯಲ್ಲಿ, ಮೊಣಕಾಲಿಗೆ ಗದ್ದ ಊರಿ.

ಮೊದಲು ಒಂದು ಕೆಮ್ಮು. ಆಮೇಲೆ ಅಜ್ಜನ ಬರಿಯ ಮಾತು: "ಆತೇನು? ತಿರಗಾಕತ್ತೈತೇನು?" ಆಮೇಲೆ ಪೇಟಿ. ಅದರ ಒಂದು ಮನೆ ಕೆಟ್ಟಿತ್ತು, ಆ ಮನೆಗೆ ಬೆರಳು ಹೋದಾಗಲೆಲ್ಲ ಸ್ವರದ ಜೊತೆ ಸುಂಯ್ ಎಂಬ ಗಾಳಿ. ಅಂಗಳದ ಸಪ್ಪಳಗಳೆಲ್ಲ ಅದರಲ್ಲಿ ತುಂಬಿಕೊಂಡಿದ್ದವು. ಗಣಪತಿ ಸ್ತುತಿಯ ನಡುವೆ ಕೋಳಿ ಕೂಗುತ್ತದೆ. ರಾಜ ಸಿಟ್ಟಾಗುವ ಹೊತ್ತಿಗೆ ಯಾರೋ ಕೊಡ ಇಳಿಸುತ್ತಾರೆ. "ಅದು ನಮ್ಮವ್ವ" ಎಂದು ಅವ್ವ ಪ್ರತಿ ಸಲವೂ ಹೇಳುತ್ತಿದ್ದಳು. ಅಜ್ಜ ದೊಡ್ಡ ಗಾಯಕನಲ್ಲ. ನಾನು ಆಮೇಲೆ ದೊಡ್ಡವರನ್ನು ಸಾಕಷ್ಟು ಕೇಳಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ. ತಾರಕಕ್ಕೆ ಏರಿದರೆ ಅವನ ದನಿ ಒಡೆಯುತ್ತಿತ್ತು. ಆದರೆ ಒಂದೇ ಗಂಟಲಿನಲ್ಲಿ ಮೂವರನ್ನು ಇಟ್ಟುಕೊಂಡು, ಯಾರ ಮಾತು ಯಾರದೆಂದು ಒಂದು ಕ್ಷಣವೂ ಗೊಂದಲವಾಗದಂತೆ ಹಾಡುವ ಅವನ ಕಲೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ರಾಜ ಬಂದರೆ ದನಿ ಎದೆಗಿಳಿಯುತ್ತದೆ. ರಾಣಿ ಬಾಯಿ ತೆರೆಯುವ ಮೊದಲು ಪೇಟಿ ಒಂದೇ ಸ್ವರವನ್ನು ಹಿಡಿದು ಕಾಯುತ್ತದೆ, ಆಕೆ ಅದರೊಳಗಿನಿಂದ ಮೆಲ್ಲಗೆ ಬರುತ್ತಾಳೆ, ಭೈರವಿಯಲ್ಲಿ. ಗಂಗೂ ಯಾರಿಗೂ ಕಾಯುವುದಿಲ್ಲ. ತಬಲಾದ ಪೆಟ್ಟಿನ ಮೇಲೆ ಮೂಗಿನ ದನಿಯಲ್ಲಿ ಹಾರಿ ಬೀಳುತ್ತಾಳೆ.

ಎರಡನೆಯ ಭಾನುವಾರಕ್ಕೇ ಆಯಿ ಗಂಗೂಳ ಕಡೆಯವಳಾಗಿಬಿಟ್ಟಳು. ಇಷ್ಟು ವರ್ಷ ಕನ್ನಡದವರ ಮನೆಯಲ್ಲಿದ್ದು, ಕನ್ನಡದ ಆಟದೊಳಗೆ ತನ್ನ ಮಾತು ಆಡುವವಳೊಬ್ಬಳು ಸಿಕ್ಕಿದ್ದು ಅವಳಿಗೆ ತವರಿನವರು ಸಿಕ್ಕಷ್ಟು ಸಂತೋಷವಾಗಿತ್ತೆಂದು ಈಗ ನನಗೆ ತಿಳಿಯುತ್ತದೆ. ರಾಣಿ ನಿಂತಲ್ಲೆಲ್ಲ ಗಂಗೂಳಿಗಿಂತ ಮೊದಲೇ ಆಯಿ "ಮಗ?" ಎನ್ನುತ್ತಿದ್ದಳು. ಶೆಲ್ಲು ಇಳಿದು ರಾಣಿಯ ದನಿ ಗಂಡಸಿನ ದನಿಯಾಗಿ ಎಳೆಯತೊಡಗಿದರೆ, "ಅಯ್ಯೋ, ಬಾಈಸಾಹೇಬರಿಗೆ ಮೀಸೆ ಬಂದುವು" ಎಂದು ನಗುತ್ತಿದ್ದಳು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕಷ್ಟವಿದ್ದದ್ದು ಕೊನೆಯಲ್ಲಿ.

ಕೊನೆಯಲ್ಲಿ ಹುಡುಗ ಬಾವಿಗೆ ಬಂದು ಬೊಗಸೆ ಒಡ್ಡುತ್ತಾನೆ. ರಾಣಿ ಕೊಡ ಬಗ್ಗಿಸುತ್ತಾಳೆ, ಅವನ ತೋಳಿನ ಮಚ್ಚೆ ಕಾಣುತ್ತದೆ, ಪೇಟಿ ನಿಲ್ಲುತ್ತದೆ, ತಬಲಾ ನಿಲ್ಲುತ್ತದೆ. "ಮಗಾ" ಎಂದು ಕೇಳಿಸುತ್ತದೆ. ಅಷ್ಟೇ. ಆಮೇಲೆ ಬರೀ ಸುಂಯ್ ಎಂಬ ಸದ್ದು. ರಾಣಿ ಮಗನಿಗೆ ತಾನು ಯಾರೆಂದು ಹೇಳಿದಳೋ, ಹುಡುಗ ನೀರು ಕುಡಿದು ಹೊರಟುಹೋದನೋ ಗೊತ್ತಾಗುವುದೇ ಇಲ್ಲ. ಟೇಪು ಮುಗಿದಿರಬೇಕು ಎಂದು ಅಪ್ಪ ಹೇಳಿದ, ರಾಣಿ ಮಗನನ್ನು ಗುರುತಿಸಿ ಕರೆದಳು, ಆಟ ಮುಗಿಯಿತು ಎಂದುಕೊಳ್ಳೋಣ ಎಂದ. ಆಯಿ ಒಪ್ಪಲಿಲ್ಲ. ಅವಳಿಗೆ ಕೇಳಿಸಿದ್ದು ಗಂಗೂಳ ಮರಾಠಿ 'ಮಗ'. ಗಂಗೂ ಆಮೇಲೆ ಎಂದು ಕೇಳುತ್ತಿದ್ದಾಳೆ, ಪೆಟ್ಟಿಗೆ ಉತ್ತರ ಕೊಡುತ್ತಿಲ್ಲ. ಹಾಗಾಗಿ ಪ್ರತಿ ಭಾನುವಾರ ಆ ಜಾಗ ಬಂದಾಗ ಆಯಿ ಟೂ-ಇನ್-ವನ್ನಿನ ಕಡೆ ಬಾಗಿ ಗದರುತ್ತಿದ್ದಳು.

"ಮಗ ಕಾಯ ಝಾಲಂ? ಸಾಂಗ ಕೀ!"

ಆಮೇಲೆ ಏನಾಯಿತು, ಹೇಳಬಾರದೇ, ಎಂದು. ಹೇಳಿ ಬಾಯಿತುಂಬ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅವ್ವ ಅಷ್ಟರೊಳಗೆ ಎದ್ದು ಅಡಿಗೆಮನೆಗೆ ಹೋಗಿರುತ್ತಿದ್ದಳು. ಐದೋ ಆರೋ ವಾರ ಹೀಗೆ ನಡೆಯಿತು. ಒಂದು ಭಾನುವಾರ ಅವ್ವ ಅಡಿಗೆಮನೆಗೆ ಹೋಗಲಿಲ್ಲ. ಆಯಿ ನಕ್ಕ ಕೂಡಲೇ ಬಂದು ಪೆಟ್ಟಿಗೆಯ ಬಾಗಿಲು ತೆಗೆದು ಕ್ಯಾಸೆಟ್ಟನ್ನು ಕಿತ್ತುಕೊಂಡಳು. ನನ್ನ ಮಧ್ಯಸ್ಥಿಕೆಯಿಲ್ಲದೆ ಅವರಿಬ್ಬರು ನೇರವಾಗಿ, ಆಯಿಯೂ ಕನ್ನಡದಲ್ಲೇ, ಜಗಳವಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅದಕ್ಕ ನಗಬ್ಯಾಡ್ರಿ ಅತ್ತ್ಯಾರ. ಅದು ಗಂಗೂ ಅಲ್ಲ."

"ಗಂಗೂ ಅಲ್ಲದ ಮತ್ತ್ಯಾರ? ರಾಣೀನ? ರಾಣಿ ಬರಬೇಕಾದ್ರ ಮದಲ ಪೇಟಿ ಹೂಂ ಅಂತೈತಿ. ಇಲ್ಲಿ ಎಲ್ಲೈತಿ ಪೇಟಿ?"

"ಗಂಗೂ ತಬಲಾದ ಮ್ಯಾಲ ಹಾರತಾಳ. ಇಲ್ಲಿ ಎಲ್ಲೈತ್ರಿ ತಬಲಾ?"

"ನನಗ ಮಗ ಅಂದ್ರ ಏನಂತ ನೀ ಕಲಸ್ತೀ? ನಾ ಹುಟ್ಟಿದ್ದ ಆ ಮಾತಿನ್ಯಾಗ!"

"ನಮ್ಮಪ್ಪಂದು ಅದ ಕೊನೀ ಮಾತ್ರಿ. ಅದಕ್ಕ ನಗ್ತೀರಲ್ಲ, ಹೆಂಗ ಮನಸ ಬರತೈತಿ ನಿಮಗ?"

ಅವ್ವ ಅಳುತ್ತಿದ್ದಳು. ಕ್ಯಾಸೆಟ್ ಹಸಿರು ಟ್ರಂಕಿಗೆ ಹೋಯಿತು, ಟ್ರಂಕಿಗೆ ಬೀಗ ಬಿತ್ತು, ಬೀಗದ ಕೈ ಅವ್ವನ ಸೊಂಟಕ್ಕೆ. ಇನ್ನು ಈ ಮನೆಯಲ್ಲಿ ಅದನ್ನು ಹಚ್ಚುವುದಿಲ್ಲ ಎಂದಳು. ತಂದೆಯ ಫೋಟೋ ಕೂಡ ಅವಳ ಹತ್ತಿರ ಇರಲಿಲ್ಲ; ಇದ್ದದ್ದು ಆ ದನಿಯೊಂದೇ, ಅದನ್ನೂ ತಾನೇ ಕೇಳದಂತೆ ಮುಚ್ಚಿಟ್ಟಳು. ಅದು ನನಗೆ ತಡೆಯಲಾರದ ಸಂಗತಿಯಾಗಿತ್ತು. ಆಯಿಗೂ ಸೋಲುವುದು ಗೊತ್ತಿರಲಿಲ್ಲ. ಇಬ್ಬರೂ ನನ್ನ ಮೂಲಕ ಮಾತಾಡುವುದನ್ನೂ ಬಿಟ್ಟರು. ರೊಟ್ಟಿ ಬೇಯುತ್ತಿತ್ತು, ಹಾಲು ಹೆಪ್ಪಾಗುತ್ತಿತ್ತು, ಮಾತಿರಲಿಲ್ಲ. ನನಗೆ ಕೆಲಸವಿಲ್ಲದಂತಾಯಿತು. ಅಪ್ಪ ಒಂದೆರಡು ಸಲ ಸಂಧಾನಕ್ಕೆ ಹೋಗಿ, ಎರಡೂ ಕಡೆಯಿಂದ ಬೈಸಿಕೊಂಡು, ಎಮ್ಮೆಗಳ ಹತ್ತಿರ ಹೋಗಿ ನಿಂತ.

ಯುಗಾದಿ ಕಳೆದ ಮೇಲಿನ ಒಂದು ದಿನ. ಶಾಲೆಗೆ ರಜೆ. ಅವ್ವ ಮೇವು ತರಲು ಹೊಲಕ್ಕೆ ಹೋಗಿದ್ದಳು. ಆಯಿ ನನ್ನನ್ನು ಹತ್ತಿರ ಕರೆದು, ಮನೆಯಲ್ಲಿ ನಾವಿಬ್ಬರೇ ಇದ್ದರೂ ಪಿಸುದನಿಯಲ್ಲಿ ಕೇಳಿದಳು.

"ಟ್ರಂಕಿಗೆ ಬೀಗ ಇಲ್ಲ ಇವತ್ತ. ನೋಡೀಯೇನ?"

ನೋಡಿದ್ದೆ. ಬೆಳಿಗ್ಗೆ ಸೀರೆ ತೆಗೆದ ಅವ್ವ ಬೀಗ ಸಿಕ್ಕಿಸಿ ಒತ್ತದೆ ಬಿಟ್ಟಿದ್ದಳು. ಮರೆತಳೋ, ಬೇಕೆಂದೇ ಬಿಟ್ಟಳೋ, ನಾನು ಕೊನೆಯವರೆಗೂ ಕೇಳಲಿಲ್ಲ.

"ತರ್ಲೇನ ಆಯಿ?"

"ನಾ ತಾ ಅಂದಿಲ್ಲ. ನೀ ತಂದ್ರ ನಾ ಕೇಳತೇನಿ, ಅಷ್ಟ."

ನಾವು ಪೂರ್ತಿ ಆಟ ಕೇಳಲಿಲ್ಲ, ಹೊತ್ತಿರಲಿಲ್ಲ. ಆಯಿಗೆ ಬೇಕಾಗಿದ್ದದ್ದು ತೀರ್ಪು. ಬಾವಿಯ ಜಾಗಕ್ಕೆ ಓಡಿಸಿಕೊಂಡು ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದೆ. ಪೇಟಿ ನಿಂತಿತು, ತಬಲಾ ನಿಂತಿತು, "ಮಗಾ." ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಎಷ್ಟು ಸಲ ಕೇಳಿದೆನೋ. ನಾಲ್ಕನೆಯದೋ ಐದನೆಯದೋ ಸಲ ಒಂದು ವಿಷಯ ಹೊಳೆಯಿತು. ಅಂದು ಜಗಳದಲ್ಲಿ ಪೇಟಿ ಇಲ್ಲ, ಹಾಗಾಗಿ ರಾಣಿಯಲ್ಲ ಎಂದು ಆಯಿ ಹೇಳಿದ್ದು ನಿಜ. ತಬಲಾ ಇಲ್ಲ, ಹಾಗಾಗಿ ಗಂಗೂ ಅಲ್ಲ ಎಂದು ಅವ್ವ ಹೇಳಿದ್ದೂ ನಿಜ. ಇಬ್ಬರೂ ಸರಿಯಾಗಿಯೇ ಕೇಳಿದ್ದರು. ಹಾಗಾದರೆ ಇದು ಮೂರನೆಯವರ ದನಿ. ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ "ಆತೇನು? ತಿರಗಾಕತ್ತೈತೇನು?" ಕೇಳಿದೆ. ಮತ್ತೆ ಕೊನೆಗೆ ಬಂದು "ಮಗಾ" ಕೇಳಿದೆ. ಅದೇ ದನಿ. ಹಾಡದ ದನಿ, ಯಾರ ವೇಷವನ್ನೂ ಹಾಕಿರದ ದನಿ. ಪೆಟ್ಟಿಗೆಯ ಕಿಂಡಿಯಲ್ಲಿ ನೋಡಿದರೆ ಎಡಗಡೆಯ ಚಕ್ರದ ಮೇಲೆ ಕಂದು ಟೇಪು ಇನ್ನೂ ಒಂದಷ್ಟು ಸುತ್ತು ಉಳಿದಿತ್ತು. ಟೇಪು ಮುಗಿದೇ ಇರಲಿಲ್ಲ.

"ಆಯಿ, ಇದು ಗಂಗೂ ಅಲ್ಲ."

"ನೀನೂ ನಿಮ್ಮವ್ವನ ಕಡೆ ಹೋದಿ?"

"ರಾಣೀನೂ ಅಲ್ಲ. ಇದು ಅಜ್ಜ. ಅಜ್ಜ ಅವ್ವನ್ನ ಕರ್ಯಾಕತ್ತಾನ."

ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನು ಅವನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಅವರ ಮನೆಗೆ ಹೋದಾಗಲೆಲ್ಲ "ಬಂದ್ಯಾ ಮಗಾ?" "ಉಣ್ಣು ಮಗಾ" ಎನ್ನುತ್ತಿದ್ದ. ಇಷ್ಟು ದಿನ ನಾನು ಅದನ್ನು ಮರೆತು ಆಟದೊಳಗೆ ಹುಡುಕುತ್ತ ಕೂತಿದ್ದೆ. ಆಯಿ ಮಿಶ್ರಿಯ ಬೆರಳನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದಳು. ಅವಳು ಮಾತಾಡುವ ಮೊದಲೇ ಬಾಗಿಲಲ್ಲಿ ಮೇವಿನ ಹೊರೆ ಬಿದ್ದ ಸಪ್ಪಳವಾಯಿತು. ಅವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದು ನಾನು ಕ್ಯಾಸೆಟ್ಟಿನ ಮೇಲೆ ಕೈ ಇಟ್ಟೆ. ಅವ್ವ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಆಮೇಲೆ ನನಗಲ್ಲ, ಆಯಿಗೇ ಹೇಳಿದಳು.

"ಹೌದ್ರಿ. ನನ್ನ ಕರದಿದ್ದ. ಕೊನೀ ಪದ ನಾ ಸಣ್ಣಾಕಿ ಇದ್ದಾಗ ಕಲಿಸಿದ್ದ ನನಗ. 'ಮಗಾ, ಇದೊಂದು ನೀ ಹಾಡು' ಅನ್ನಾಂವ ಇದ್ದ. ಮಗಾ ಅನ್ನೂದ್ರಾಗ ನಾ ಬಟನ್ ಒತ್ತಿ ಬಂದ್ ಮಾಡಿದ್ನಿ."

"ಯಾಕ?"

"ಇದನ್ನ ಈ ಮನ್ಯಾಗ ಹಚ್ಚತಾರಂತ ಗೊತ್ತಿತ್ತಲ್ರಿ. ನೀವು ಕೇಳತಿದ್ರಿ."

"ಆಮ್ಯಾಲರ ಹಾಡಿದಿಲ್ಲ, ಪೆಟಗಿ ಬಂದ್ ಇದ್ದಾಗ?"

"ಇಲ್ರಿ. ಅಂವ ಪೇಟಿ ಮುಚ್ಚಿಟ್ಟ. ಮತ್ತ ನಾ ಹೋಗೂದ್ರಾಗ ಅಂವ ಇರಲಿಲ್ಲ."

ಆಯಿ ತನ್ನ ಜೀವಮಾನದಲ್ಲಿ ಯಾರ ಹತ್ತಿರವೂ ತಪ್ಪಾಯಿತು ಎಂದವಳಲ್ಲ. ಅಂದೂ ಅನ್ನಲಿಲ್ಲ. ಅವಳ ಮುಖ ಮಾತ್ರ ನಾನು ಹಿಂದೆಂದೂ ಕಾಣದ ರೀತಿ ಕುಗ್ಗಿತು. ಒಲೆಯ ಮುಂದೆ ಎಂದೋ ಆಡಿದ ಒಂದು ಮಾತು ಹೊಳೆಸಾಲಿನ ಆ ಅಂಗಳದವರೆಗೂ ಹೋಗಿ ಒಬ್ಬ ಮುದುಕನ ಬಾಯಿಯನ್ನು ನಡುವೆಯೇ ನಿಲ್ಲಿಸಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ನನಗೂ ಆಗಲೇ ತಿಳಿಯಿತು. ಆಯಿ ಎದ್ದು ಬಾಯಿ ಮುಕ್ಕಳಿಸಿ ಬಂದಳು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಪೆಟ್ಟಿಗೆಯ ಮುಂದೆ ನೆಟ್ಟಗೆ ಕೂತಳು.

"ಅಕ್ಕಾತಾಯಿ, ಟೇಪ ಇನ್ನೂ ಉಳದೈತಿ?"

"ಉಳದೈತಿ."

"ಆ ತಾಂಬಡಾ ಬಟನ ದಾಬ."

ಕೆಂಪು ಗುಂಡಿ ಒತ್ತು ಎಂದು. "ಬ್ಯಾಡ್ರಿ ಅತ್ತ್ಯಾರ" ಎಂದು ಅವ್ವ ಅರ್ಧ ಎದ್ದಳು. ನಾನು ಅವ್ವನ ಮಾತು ಕೇಳಲಿಲ್ಲ. ನಾನು ಜೀವನದಲ್ಲಿ ಮಾಡಿದ ಸರಿಯಾದ ಕೆಲಸಗಳಲ್ಲಿ ಅದು ಮೊದಲನೆಯದು. "ಮಗಾ" ಮುಗಿದ ಜಾಗದಲ್ಲಿ ನಿಲ್ಲಿಸಿ ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಕೂಡಿಸಿ ಒತ್ತಿದೆ. ಚಕ್ರಗಳು ತಿರುಗತೊಡಗಿದವು. ಆಯಿ ಅವ್ವನ ಕಡೆ ತಿರುಗಿ, ಮೂಗಿನ ದನಿಯಲ್ಲಿ, ಗಂಗೂಳ ಹಾಗೆಯೇ ಕೇಳಿದಳು.

"ಬಾಈಸಾಹೇಬ, ಮಗ?"

ಅವ್ವ ಕೂಡಲೇ ಹಾಡಲಿಲ್ಲ. ಚಕ್ರ ತಿರುಗುತ್ತಿತ್ತು, ಟೇಪು ತೀರಿಹೋದರೆ ಗತಿಯೇನು ಎಂದು ನಾನು ಕಿಂಡಿಯನ್ನೇ ನೋಡುತ್ತಿದ್ದೆ. ಆಯಿ ಎರಡನೆಯ ಸಲ ಕೇಳಲಿಲ್ಲ, ಕಾದಳು. ಎಮ್ಮೆಯೊಂದು ಗ್ವಾದಲಿಗೆ ಕೊಂಬು ತಿಕ್ಕಿತು. ಆಮೇಲೆ ಅವ್ವ, ಬಾವಿಯ ದಂಡೆಯ ರಾಣಿ ಮಗನಿಗೆ ನೀರು ಹಾಕುತ್ತ ಹೇಳುವ ಆ ಪದ ಎತ್ತಿಕೊಂಡಳು.

ನಿಂತು ಕುಡಿ ಕಂದಾ, ತಣ್ಣಗೈತಿ ನೀರ
ಯಾವೂರಂತ ನಾ ಕೇಳಲಾರೆ
ಕೇಳಿದರ ನನ್ನೂರ ಹೇಳಬೇಕಾದೀತ
ಹೇಳಿದರ ನಾ ಇಲ್ಲಿ ನಿಲ್ಲಲಾರೆ

ದನಿ ತುಕ್ಕು ಹಿಡಿದಿತ್ತು. ಎರಡನೆಯ ಸಾಲಿನಲ್ಲಿ ಸ್ವರ ಜಾರಿತು, ಮೂರನೆಯದರಲ್ಲಿ ಉಸಿರು ಸಾಲದೆ ನಡುವೆ ನಿಂತು ಮತ್ತೆ ಎತ್ತಿಕೊಂಡಳು. ಆದರೂ ರಾಣಿ ಬಂದಿದ್ದಳು. ರಾಣಿ ಮಗನಿಗೆ ತಾನು ಯಾರೆಂದು ಹೇಳುವುದಿಲ್ಲ, ನೀರು ಹಾಕುತ್ತಾಳೆ, ಅವನು ಕುಡಿದು ಮುಗಿಸುವವರೆಗೆ ನೋಡುತ್ತಾಳೆ. ಆಟ ಅಲ್ಲಿಗೆ ಮುಗಿಯುತ್ತದೆ ಎಂದು ನಮಗೆ ಗೊತ್ತಾದದ್ದು ಆಗ. ಇಷ್ಟು ದಿನ ಅದನ್ನೇ ಕೇಳುತ್ತಿದ್ದ ಆಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ಇದರಿಂದ ಇಬ್ಬರೂ ತಾಯಿಮಗಳಂತಾದರು ಎಂದು ಯಾರೂ ತಿಳಿಯಬೇಡಿ. ಮರುದಿನವೇ ಹೆಪ್ಪು ಹಾಕುವ ಗಡಿಗೆಯ ವಿಷಯಕ್ಕೆ ದೊಡ್ಡ ರಂಪವಾಯಿತು. ಆದರೆ ಅವ್ವ ರೊಟ್ಟಿ ಬಡಿಯುವಾಗ ಹಾಡುವುದಕ್ಕೆ ಶುರುಮಾಡಿದಳು, ಆಯಿ ಒಲೆಯ ಆಚೆ ಕೂತು ತಪ್ಪು ತೆಗೆಯುವುದಕ್ಕೆ ಶುರುಮಾಡಿದಳು. ಒಂದು ಮನೆಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಈಗ ಇಬ್ಬರೂ ಇಲ್ಲ. ಸೋನಾವತಿಯನ್ನು ಆಡುವವರೂ ಇಲ್ಲ. ಮೊನ್ನೆ ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿಕೊಡುವ ಒಬ್ಬರ ಹತ್ತಿರ ಒಯ್ದಿದ್ದೆ. ಅವರು ಕಿವಿಗೆ ಹಚ್ಚಿಕೊಂಡು ಕೊನೆಯವರೆಗೂ ಕೇಳಿ, ಒಂದು ಕಡೆ ನಿಲ್ಲಿಸಿ ಹೇಳಿದರು.

"ಮೇಡಮ್, ಇಲ್ಲಿ ಟಕ್ ಅಂತ ಒಂದು ಸಪ್ಪಳ ಐತ್ರಿ. ಬ್ಯಾರೆ ಬ್ಯಾರೆ ದಿವಸ ತುಂಬಿದ್ದನ್ನ ಕೂಡಿಸ್ಯಾರ. ಅದನ್ನ ತಗದು ಸಾಫ್ ಮಾಡ್ಲೇನ್ರಿ?"

ಮುಟ್ಟಬೇಡಿ ಎಂದೆ. ಮನೆಗೆ ಬಂದು ಮಧ್ಯಾಹ್ನದ ಊಟ ಮುಗಿಸಿ ಪೂರ್ತಿ ಆಟವನ್ನು ಕೇಳಿದೆ. ಕೋಳಿ ಕೂಗಿತು, ಕೊಡ ಇಳಿಯಿತು, ಹುಡುಗ ಬಾವಿಗೆ ಬಂದ. ಅಜ್ಜ "ಮಗಾ" ಎಂದು ಕರೆದ. ಟಕ್. ಆಯಿ "ಮಗ?" ಎಂದು ಕೇಳಿದಳು. ಅವ್ವ ಹಾಡಿದಳು. ಕರೆದದ್ದಕ್ಕೂ ಓಗೊಟ್ಟದ್ದಕ್ಕೂ ನಡುವೆ ಎಂಟು ತಿಂಗಳಿವೆ, ಅಜ್ಜನ ಸಾವು ಇದೆ. ಕೇಳಿದರೆ ಗೊತ್ತಾಗುವುದಿಲ್ಲ. ಅಪ್ಪ ಕರೆದ, ಮಗಳು ಹಾಡಿದಳು, ಅಷ್ಟೇ ಕೇಳಿಸುತ್ತದೆ.